ಊರ್ಮಿಳಾ ಒಡೆದ ಡಚ್ ಪದಗಳು

ಕ್ಯಾಲಿಫೋರ್ನಿಯಾದ ಹೇವರ್ಡಿನ ಊರ್ಮಿಳಾ ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಜೋಪಾನ ಮಾಡುವವಳು. ನೀರು ತಾಗಿಸದೆ, ಬಾಯಿಗೆ ಬಟ್ಟೆ ಕಟ್ಟಿ, ವರ್ಷಗಟ್ಟಲೆ ಇಡುತ್ತಿದ್ದಳು. ಮೈಸೂರಿನ ಅಚ್ಚುಕೂಟವೊಂದರಲ್ಲಿ ಹನ್ನೊಂದು ವರ್ಷ ಕರಡು ತಿದ್ದಿದ್ದಳು. ಅಲ್ಲಿನ ಯಜಮಾನರ ಮಗ ಒಮ್ಮೆ ತನ್ನ ತಪ್ಪನ್ನು ಇವಳ ತಲೆಗೆ ಕಟ್ಟಿದ ಎಂದು ಆರು ವರ್ಷ ಅವನ ಜೊತೆ ಮಾತಾಡಲಿಲ್ಲ. ಒಂದೇ ಮೇಜಿನ ಆಚೆ ಈಚೆ ಕೂತು, ಹೇಳಬೇಕಾದದ್ದನ್ನು ಕರಡಿನ ಅಂಚಿನಲ್ಲಿ ಬರೆದು ತಳ್ಳುತ್ತಿದ್ದಳು. ಕೊನೆಗೆ ಅವನ ಮದುವೆಯ ಕರೆಯೋಲೆ ಬಂದಾಗ ಅದರಲ್ಲಿದ್ದ ಎರಡು ತಪ್ಪಿಗೆ ಕೆಂಪು ಗುರುತು ಹಾಕಿ ವಾಪಸು ಕಳಿಸಿದ್ದಳು. ಮದುವೆಗೆ ಮಾತ್ರ ಹೋಗಲಿಲ್ಲ.

ಗಂಡ ವಾಸುದೇವನಿಗೆ ಓಕ್ಲ್ಯಾಂಡ್ ಬಂದರಿನ ಆಫೀಸಿನಲ್ಲಿ ಕೆಲಸ ಸಿಕ್ಕಿ ಇಬ್ಬರೂ ಈ ಕಡೆ ಬಂದದ್ದು ಎಪ್ಪತ್ತೊಂಬತ್ತರಲ್ಲಿ. ನಾಲ್ಕು ವರ್ಷ ಅಪಾರ್ಟ್‌ಮೆಂಟಿನಲ್ಲಿ ಕೂತು, ಬೇರೆ ಏನೂ ಸಿಗದೆ, ಗ್ರೋಸರಿ ಅಂಗಡಿಯ ಜಾಹೀರಾತಿನ ಕಾಗದಗಳನ್ನೇ ತಿದ್ದುತ್ತಿದ್ದವಳಿಗೆ ಎಂಬತ್ಮೂರರಲ್ಲಿ ಮೆನ್ಲೋ ಪಾರ್ಕಿನ ಕಂಪನಿಯೊಂದರಲ್ಲಿ ಡೇಟಾ ಎಂಟ್ರಿ ಕೆಲಸವಾಯಿತು. ಪತ್ರಿಕೆಯ ಪುಟಗಳನ್ನು ಕಂಪ್ಯೂಟರಿನಲ್ಲೇ ಜೋಡಿಸುವ ಪ್ರೋಗ್ರಾಮು ಬರೆಯುವ ಕಂಪನಿ ಅದು. ಕೆಲಸ ಕೊಡಿಸಿದವನು ಅಲ್ಲಿನ ಮ್ಯಾನೇಜರು ಗುರುಪ್ರಸಾದ. ಬಸವನಗುಡಿಯವನು, ಇವಳಿಗಿಂತ ಎಂಟು ವರ್ಷ ಚಿಕ್ಕವನು, ಕನ್ನಡ ಕೂಟದ ಎಲ್ಲ ಕಾರ್ಯಕ್ರಮಕ್ಕೂ ಮೊದಲ ಸಾಲಿನಲ್ಲಿ ಕೂರುವವನು. ಕೆಲಸ ಕೊಡಿಸಿದ್ದಕ್ಕೆ ಊರ್ಮಿಳಾ ಅವನ ಮನೆಗೆ ಒಂದು ಡಬ್ಬ ಕೊಬ್ಬರಿ ಮಿಠಾಯಿ ಕೊಟ್ಟು ಬಂದಿದ್ದಳು. ಆ ಮಿಠಾಯಿಯನ್ನು ಆಮೇಲೆ ಅವಳು ಎಷ್ಟು ಸಲ ಶಪಿಸಿಕೊಂಡಳೋ ಲೆಕ್ಕವಿಲ್ಲ.

ಪತ್ರಿಕೆಯ ಕಾಲಂ ಅಂದರೆ ಮೂರು ಬೆರಳಗಲ. ಸಾಲಿನ ಕೊನೆಯಲ್ಲಿ ಪದ ಹಿಡಿಸದಿದ್ದರೆ ಅದನ್ನು ಒಡೆದು, ಅಡ್ಡಗೆರೆ ಹಾಕಿ, ಉಳಿದದ್ದನ್ನು ಮುಂದಿನ ಸಾಲಿಗೆ ಇಳಿಸಬೇಕು. ಎಲ್ಲಿ ಒಡೆಯಬೇಕೆಂಬುದು ಯಂತ್ರಕ್ಕೆ ತಿಳಿದಿರಬೇಕು. ಇಂಗ್ಲಿಷಿನಲ್ಲಿ ಅದು ಹೇಗೋ ನಡೆಯುತ್ತಿತ್ತು. ಹಾಲೆಂಡಿನ ಪತ್ರಿಕೆಯೊಂದು ಪ್ರೋಗ್ರಾಮು ಕೊಳ್ಳಲು ಮುಂದೆ ಬಂದಾಗ ಕೆಲಸ ಕೆಟ್ಟಿತು. ಡಚ್ಚರು ಎರಡು ಮೂರು ಪದಗಳನ್ನು ನಡುವೆ ಜಾಗವೇ ಬಿಡದೆ ಬೆಸೆದು ಒಂದು ಮಾಡುತ್ತಾರೆ. ನಾವು ಕಾಲಿಗೆ ಹಾಕುವುದಕ್ಕೆ ಕಾಲುಚೀಲ ಅಂದರೆ ಅವರು ಕೈಗೆ ಹಾಕುವುದಕ್ಕೆ ಹಾಂಡ್‌ಸ್ಖೂನ್, ಅಂದರೆ ಕೈಜೋಡು, ಅನ್ನುತ್ತಾರೆ. ಆಸ್ಪತ್ರೆ ಅವರಿಗೆ ಜೀಕನ್‌ಹೌಸ್, ರೋಗಿಗಳ ಮನೆ. ಗುರುಪ್ರಸಾದ ಒಂದು ದಪ್ಪ ಡಚ್ ನಿಘಂಟನ್ನು ಊರ್ಮಿಳಾಳ ಮೇಜಿನ ಮೇಲಿಟ್ಟು, "ಇದರಲ್ಲಿರೋ ವರ್ಡ್ಸ್ ಎಲ್ಲಾ ಹೈಫನ್ ಸಮೇತ ಟೈಪ್ ಮಾಡ್ಬಿಡಿ, ಊರ್ಮಿಳಾ ಅವ್ರೇ," ಎಂದು ಹೇಳಿ ಮೀಟಿಂಗಿಗೆ ಹೋದ.

ಎರಡು ತಿಂಗಳು ಟೈಪು ಮಾಡಿದ ಮೇಲೆ ಅವಳಿಗೆ ಇದು ಮುಗಿಯುವ ಕೆಲಸವಲ್ಲ ಎಂದು ಗೊತ್ತಾಯಿತು. ನಿಘಂಟನ್ನು ಪೂರ್ತಿ ತುಂಬಿದರೂ ನಾಳೆ ಬೆಳಿಗ್ಗೆ ಯಾವನೋ ವರದಿಗಾರ ಮೂರು ಪದ ಬೆಸೆದು ನಾಲ್ಕನೆಯದನ್ನು ಹುಟ್ಟಿಸುತ್ತಾನೆ. ಮೈಸೂರಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಮುದುಕ ವೀರಣ್ಣ ಹೇಳುತ್ತಿದ್ದ ಮಾತು ಆಗ ನೆನಪಾಯಿತು. "ಉದ್ದನೆ ಸಮಾಸ ಸಾಲಿನ ಕೊನೇಲಿ ಸಿಕ್ಕಾಕ್ಕಂಡ್ರೆ ಮೊದ್ಲು ಕೀಲು ಹುಡುಕವ್ವ. ಅಕ್ಷರ ಆಮೇಲೆ ಎಣಿಸಿದ್ರಾಯ್ತು." ಇಡೀ ಪದಗಳ ಪಟ್ಟಿ ಬೇಡ, ಪದಗಳನ್ನು ಕಟ್ಟುವ ತುಂಡುಗಳ ಪಟ್ಟಿ ಸಾಕು ಎಂದು ಅವಳು ಯೋಚಿಸಿದಳು. ಯಂತ್ರ ಮೊದಲು ತುಂಡುಗಳು ಕೂಡಿದ ಕೀಲನ್ನು ಹುಡುಕಲಿ, ಅಲ್ಲಿ ಕತ್ತರಿಸಲಿ, ಆಮೇಲೆ ಒಂದೊಂದು ತುಂಡನ್ನೂ ಉಚ್ಚಾರದ ಪ್ರಕಾರ ಒಡೆಯಲಿ.

ಆವೊಂಡ್ ಅಂದರೆ ಸಂಜೆ, ಏಟೆನ್ ಅಂದರೆ ಊಟ. ಎರಡೂ ಸೇರಿದರೆ ರಾತ್ರಿಯೂಟ. ಕೀಲು ನೋಡದೆ ಬರೀ ಕಿವಿಯಿಂದ ಒಡೆದರೆ ಆ-ವೊನ್-ಡೇ-ಟೆನ್ ಎಂದಾಗಿ ಸಂಜೆಯ ಬಾಲ ಊಟದ ತಟ್ಟೆಗೆ ಬೀಳುತ್ತದೆ. ಕೀಲು ನೋಡಿ ಒಡೆದರೆ ಆ-ವೊಂಡ್-ಏ-ಟೆನ್. ಕೆಲವು ಕಡೆ ಎರಡು ತುಂಡಿನ ನಡುವೆ ಒಂದು 'ಸ್' ಅಥವಾ 'ಅನ್' ಅಂಟಿನ ಹಾಗೆ ನುಸುಳುತ್ತದೆ. ಮನೆಗೆ 'ಅಲ್ಲಿ' ಸೇರಿ ಮನೆಯಲ್ಲಿ ಆಗುವಾಗ ನಮ್ಮ ಯಕಾರ ನುಸುಳುವುದಿಲ್ಲವೇ, ಹಾಗೆ. ನಮ್ಮಲ್ಲಿ ಆ ಅಂಟು ಮುಂದೆ ಬರುವುದರ ಜೊತೆ ಹೋಗುತ್ತದೆ, ಅವರಲ್ಲಿ ಮೊದಲು ಬಂದ ತುಂಡನ್ನೇ ಹಿಡಿದುಕೊಂಡು ಉಳಿಯುತ್ತದೆ. ಇದನ್ನೆಲ್ಲ ಕಂಡುಕೊಂಡ ದಿನ ಊರ್ಮಿಳಾ ಮನೆಯ ದಾರಿಯ ಡಂಬಾರ್ಟನ್ ಸೇತುವೆಯ ಮೇಲೆ ಕಾರು ಓಡಿಸುತ್ತ ಒಬ್ಬಳೇ ನಕ್ಕಿದ್ದಳು. ಅಷ್ಟು ಸಂತೋಷವಾಗಿತ್ತು.

ಆದರೆ ತುಂಡುಗಳನ್ನು ಒಡೆಯಲು ಆ ಭಾಷೆಯಲ್ಲೇ ಹುಟ್ಟಿದ ಬಾಯಿ ಬೇಕಲ್ಲ. ಅದು ಕೆಳಗಿನ ಅಪಾರ್ಟ್‌ಮೆಂಟಿನಲ್ಲೇ ಇತ್ತು. ಕೊರ್ನೆಲಿಯಾ ಎಪ್ಪತ್ನಾಲ್ಕು ವರ್ಷದ ಡಚ್ ಮುದುಕಿ. ಆಗ ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದಲ್ಲಿ ಹುಟ್ಟಿ, ಮಹಾಯುದ್ಧವಾದ ಮೇಲೆ ಹಾಲೆಂಡಿಗೆ ಹೋಗಿ, ಅಲ್ಲಿನ ಚಳಿ ತಡೆಯದೆ ಗಂಡನ ಜೊತೆ ಕ್ಯಾಲಿಫೋರ್ನಿಯಾಕ್ಕೆ ಬಂದವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ತನ್ನ ಭಾಷೆಯಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ದಿನಾ ಸಂಜೆ ಐದರಿಂದ ಏಳರವರೆಗೆ ಅವಳ ಅಡುಗೆಮನೆಯ ಮೇಜಿನ ಮೇಲೆ ಒಂದೊಂದು ಪದ ಬರೆದ ಕಾರ್ಡುಗಳು ಹರಡುತ್ತಿದ್ದವು. ಕೊರ್ನೆಲಿಯಾ ಪದವನ್ನು ನಿಧಾನವಾಗಿ ಹೇಳುತ್ತ ಚಮಚದಿಂದ ಸಾಸರಿನ ಅಂಚಿಗೆ ಟಕ್, ಟಕ್ ಎಂದು ಬಡಿಯುತ್ತಿದ್ದಳು. ಊರ್ಮಿಳಾ ಕೀಲಿಗೆ ಕೆಂಪು ಗೆರೆ, ಬಡಿತಕ್ಕೆ ನೀಲಿ ಗೆರೆ ಎಳೆಯುತ್ತಿದ್ದಳು. ಸಂದೇಹ ಬಂದರೆ ಮುದುಕಿ ಕಣ್ಣು ಮುಚ್ಚಿ, ತನ್ನ ತಾಯಿ ಅದನ್ನು ಹೇಗೆ ಅನ್ನುತ್ತಿದ್ದಳು ಎಂದು ನೆನಪು ಮಾಡಿಕೊಳ್ಳುತ್ತಿದ್ದಳು. ಊರ್ಮಿಳಾ ಮೊಟ್ಟೆ ತಿನ್ನುವುದಿಲ್ಲವೆಂದು ಮೊಟ್ಟೆ ಹಾಕದ ಬಿಸ್ಕತ್ತು ಮಾಡಲು ಮೂರು ಸಲ ಹಿಟ್ಟು ಹಾಳು ಮಾಡಿ ಕೊರ್ನೆಲಿಯಾ ನಾಲ್ಕನೆಯ ಸಲ ಕಲಿತಳು. ಹೀಗೆ ಎರಡು ವರ್ಷ, ಇಪ್ಪತ್ತೆರಡು ಸಾವಿರ ಕಾರ್ಡು.

ಅವಳು ಗುರುಪ್ರಸಾದನ ಕೈಗೆ ಬರೆದುಕೊಟ್ಟ ನಿಯಮಗಳು ಪ್ರೋಗ್ರಾಮಿಗೆ ಸೇರಿ, ಎಂಬತ್ತೈದರ ಬೇಸಿಗೆಯ ಹೊತ್ತಿಗೆ ಯಂತ್ರ ತಾನು ಎಂದೂ ಕಾಣದ ಪದವನ್ನೂ ಸರಿಯಾಗಿ ಒಡೆಯತೊಡಗಿತು. ಗುರುಪ್ರಸಾದ ಅದರ ಮೇಲೆ ಒಂದು ರಿಪೋರ್ಟು ಬರೆದ. ಅದಕ್ಕೆ ತನ್ನ ಹೆಸರಿಟ್ಟ. ಕಂಪನಿ ಅವನಿಗೆ ಫಲಕ ಕೊಟ್ಟಿತು. ಊರ್ಮಿಳಾಗೆ ಈ ವಿಷಯ ತಿಳಿದದ್ದು ಕನ್ನಡ ಕೂಟದ ರಾಜ್ಯೋತ್ಸವದಲ್ಲಿ, ಅದೂ ವೇದಿಕೆಯ ಮೇಲೆ, ಕೈಯಲ್ಲಿ ತಟ್ಟೆ ಹಿಡಿದು ನಿಂತಾಗ. ಸನ್ಮಾನದ ಶಾಲು, ಗಂಧದ ಹಾರ, ಹಣ್ಣು ಇದ್ದ ತಟ್ಟೆ. ತಟ್ಟೆ ಹಿಡಿಯಬೇಕಿದ್ದವಳಿಗೆ ಜ್ವರ ಬಂದು, ಕೂಟದ ಕಾರ್ಯದರ್ಶಿ ಶ್ರೀಕಂಠ ಕೊನೆಯ ಗಳಿಗೆಯಲ್ಲಿ ಇವಳನ್ನು ಎಬ್ಬಿಸಿಕೊಂಡು ಹೋಗಿದ್ದರು. ಯಾರಿಗೆ, ಯಾಕೆ ಎಂದು ಅವಳು ಕೇಳಲೂ ಇಲ್ಲ.

"ಡಚ್ ಭಾಷೆಯ ಸಮಾಸಗಳನ್ನು ಭೇದಿಸಿದ ನಮ್ಮ ಹೆಮ್ಮೆಯ ಕನ್ನಡಿಗ" ಎಂದು ಶ್ರೀಕಂಠ ಮೈಕಿನಲ್ಲಿ ಓದಿದರು. ಊರ್ಮಿಳಾಳ ಕೈಯಲ್ಲಿದ್ದ ಶಾಲು ಗುರುಪ್ರಸಾದನ ಹೆಗಲಿಗೆ ಹೋಯಿತು. ಅವನು ಉತ್ತರವಾಗಿ ಎರಡು ಮಾತಾಡಿದ. "ಮೊದ್ಲು ಜಾಯಿಂಟ್ ಹುಡುಕ್ಬೇಕು, ಆಮೇಲೆ ಸಿಲಬಲ್ಲು, ಇದು ನಂಗೆ ಫ್ರೀವೇನಲ್ಲಿ ಡ್ರೈವ್ ಮಾಡ್ತಾ ಹೊಳೀತು. ಹಾಂ, ನಮ್ ಟೈಪಿಸ್ಟು ಊರ್ಮಿಳಾ ಅವ್ರೂ ತುಂಬಾ ಹೆಲ್ಪ್ ಮಾಡಿದ್ರು. ಇಲ್ಲೇ ಇದಾರೆ ನೋಡಿ, ತಟ್ಟೆ ಹಿಡ್ಕೊಂಡು!" ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಊರ್ಮಿಳಾಳೂ ನಕ್ಕಳು.

"ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರ್ಕೊಂಡ ಹಾಗಾಯ್ತು," ಎಂದಳು ಮನೆಗೆ ಬಂದು. "ಹೆಸರು ಹಾಕ್ದೇ ಇದ್ರೆ ಹಾಳಾಗ್ಹೋಗ್ಲಿ, ನನ್ ಕೈಲೇ ತಟ್ಟೆ ಹಿಡಿಸ್ಬೇಕಿತ್ತೇನ್ರೀ?"

ವಾಸುದೇವ ಸಾಧು ಪ್ರಾಣಿ. "ಹೋಗ್ಲಿ ಬಿಡೇ. ಅವನೇ ಕೆಲ್ಸ ಕೊಡ್ಸಿದ್ದಲ್ವಾ. ನಿನ್ ಹೆಸರು ಹಾಕು ಅಂತ ಕೇಳಿ ನೋಡು."

"ಕೇಳೋದಾ? ನನ್ ಹೆಸರು ಬರದಿದ್ರೂ ಪರ್ವಾಗಿಲ್ಲ, ಅವನ ಹೆಸರು ಮಣ್ಣಾಗ್ಬೇಕು. ಗಂಡ ಸತ್ರೂ ಚಿಂತೆಯಿಲ್ಲ, ಸವತಿ ಮುಂಡೆ ಆಗ್ಬೇಕು." ಗಾದೆಗೆ ಗಂಡನೇ ಎದುರು ಕೂತಿದ್ದಾನೆಂಬುದು ಅವಳ ಲಕ್ಷ್ಯಕ್ಕೆ ಬರಲಿಲ್ಲ. ವಾಸುದೇವ ಮಜ್ಜಿಗೆ ಬಡಿಸಿಕೊಂಡ.

ಮೊದಲು ಅವಳಿಗೆ ಹೊಳೆದದ್ದು ಕಾರ್ಡುಗಳನ್ನೇ ಕೆಡಿಸುವ ಯೋಚನೆ. ನಾಲ್ಕು ಗೆರೆ ಅಳಿಸಿ ಬೇರೆ ಕಡೆ ಎಳೆದು ಹಾಗೇ ಟೈಪು ಮಾಡಿದರೆ ಯಂತ್ರ ಹಾಲೆಂಡಿನವರ ಮುಂದೆ ಗುರುಪ್ರಸಾದನ ಮಾನ ಕಳೆಯುತ್ತಿತ್ತು. ಒಂದು ಸಂಜೆ ರಬ್ಬರು ಹಿಡಿದು ಕೂತದ್ದೂ ಉಂಟು. ಒಂದು ಕಾರ್ಡು ಅಳಿಸಿದಳು, ಹತ್ತು ನಿಮಿಷ ಅದನ್ನೇ ನೋಡಿದಳು, ಮತ್ತೆ ಸರಿಯಾದ ಜಾಗದಲ್ಲೇ ಗೆರೆ ಎಳೆದಳು. ತಪ್ಪು ಹಿಡಿದು ಹಿಡಿದು ಪಳಗಿದ ಕೈ ತಪ್ಪು ಮಾಡಲು ಒಪ್ಪಲಿಲ್ಲ. ಹಾಗಾದರೆ ಅವನಿಗೆ ಏನು ಇಷ್ಟವೋ ಅದರಿಂದಲೇ ಹೊಡೆಯಬೇಕು ಎಂದು ನಿಶ್ಚಯಿಸಿದಳು. ಗುರುಪ್ರಸಾದನಿಗೆ ಇಷ್ಟವಾದದ್ದು ಸನ್ಮಾನ. ಇನ್ನೊಂದು ಶಾಲು ಅಂದರೆ ಆ ಮನುಷ್ಯ ಬೇಡ ಅನ್ನುವ ಜಾತಿಯಲ್ಲ.

ಮಾರ್ಚಿನಲ್ಲಿ ಅವಳೇ ಅವನ ಮೇಜಿನ ಮುಂದೆ ಹೋಗಿ ನಿಂತಳು. ಆ ಹೊತ್ತಿಗೆ ಕೂಟದ ಯುಗಾದಿ ಕಾರ್ಯಕ್ರಮದ ಹೊಣೆಯನ್ನು ಕೇಳಿ ತೆಗೆದುಕೊಂಡಿದ್ದಳು.

"ಗುರುಪ್ರಸಾದ್, ಹಾಲೆಂಡಿನ ಪತ್ರಿಕೆಯವರು ಪ್ರೋಗ್ರಾಮ್ ನೋಡಕ್ಕೆ ಬರೋದು ಏಪ್ರಿಲ್‌ನಲ್ಲೇ ಅಲ್ವಾ? ಯುಗಾದಿಗೆ ಅವರನ್ನೂ ಕರೀರಿ. ಅವರ ಕೈಯಿಂದಾನೇ ನಿಮಗೆ ಶಾಲು ಹೊದಿಸೋಣ."

"ಛೆ ಛೆ, ಮೊನ್ನೆ ತಾನೇ ಮಾಡಿದೀರಿ, ಮತ್ತೆ ಯಾಕೆ?" ಎಂದ ಅವನು. ಮುಖ ಮಾತ್ರ ಆಗಲೇ ಅರಳಿತ್ತು.

"ಮೊನ್ನೆ ಬರೀ ಶಾಲು. ಈ ಸಲ ಅವಧಾನದ ಥರ ಮಾಡೋಣ. ನೀವು ಮಧ್ಯೆ ಕೂರೋದು, ಬೋರ್ಡ್ ಮೇಲೆ ಡಚ್ ಪದ ಬರೆಯೋದು, ನೀವು ಒಡೆದು ಹೇಳೋದು. ಜನಕ್ಕೂ ಗೊತ್ತಾಗತ್ತೆ. ನಿಮ್ಮ ವೈಸ್ ಪ್ರೆಸಿಡೆಂಟನ್ನೂ ಕರೀರಿ."

ಗುರುಪ್ರಸಾದನ ಕಣ್ಣಲ್ಲಿ ಒಂದು ಗಳಿಗೆ ಅಳುಕು ಕಂಡಿತು. "ನೀವು ಪಕ್ಕದಲ್ಲೇ ಇರ್ತೀರಲ್ಲಾ?" ಎಂದು ಕೇಳಿದ.

"ಇರ್ತೀನಿ. ತಟ್ಟೆ ಹಿಡಿಯಕ್ಕೆ ಯಾರಾದ್ರೂ ಬೇಕಲ್ಲ," ಎಂದಳು ಊರ್ಮಿಳಾ.

ಬೋರ್ಡಿನ ಮೇಲೆ ಪದ ಬರೆಯಲು ಕೊರ್ನೆಲಿಯಾಳನ್ನು ಕರೆದಳು. ನಮ್ಮ ಕೆಲಸದ ಬಗ್ಗೆ ಸಮಾರಂಭ ಇದೆ, ಬರಬೇಕು ಎಂದಷ್ಟೇ ಹೇಳಿದಳು. ಮುದುಕಿ ಪಾರ್ಲರಿಗೆ ಹೋಗಿ ಕೂದಲು ಸುರುಳಿ ಮಾಡಿಸಿಕೊಂಡಳು. ಜಾವಾದಿಂದ ತಂದಿದ್ದ ನೀಲಿ ಬಟ್ಟೆಯ ಅಂಗಿ, ಮುತ್ತಿನ ಸರ ಹಾಕಿದಳು. ಸಭಾಂಗಣಕ್ಕೆ ಹೋಗುವಾಗ ಕಾರಿನಲ್ಲಿ, "ನನ್ನ ಮನೆತನದ ಹೆಸರು ನಿಮ್ಮವರ ಬಾಯಿಗೆ ಕಷ್ಟ. ಹೇಗೆ ಹೇಳಬೇಕೆಂದು ಅವರಿಗೆ ಹೇಳಿಕೊಟ್ಟಿದ್ದೀಯಾ?" ಎಂದು ಕೇಳಿದಳು. ಊರ್ಮಿಳಾ, "ಎಲ್ಲಾ ನಾನು ನೋಡಿಕೊಳ್ಳುತ್ತೇನೆ," ಎಂದಳು. ಅವಳ ತಲೆಯ ತುಂಬ ಗುರುಪ್ರಸಾದನ ಮುಖವೇ ಇತ್ತು.

ಹೇವರ್ಡಿನ ಬಾಡಿಗೆ ಸಭಾಂಗಣ ತುಂಬಿತ್ತು. ಹಿಂದಿನ ಮೇಜುಗಳ ಮೇಲೆ ಮನೆಮನೆಯಿಂದ ಬಂದ ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ. ಮೊದಲ ಸಾಲಿನಲ್ಲಿ ಟೈ ಕಟ್ಟಿದ ವೈಸ್ ಪ್ರೆಸಿಡೆಂಟು, ಅವನ ಪಕ್ಕದಲ್ಲಿ ಪತ್ರಿಕೆಯ ಕಡೆಯಿಂದ ಬಂದ ಬ್ರೌವರ್ ಎಂಬ ಎತ್ತರದ ಡಚ್ಚನು. ಬ್ರೌವರ್ ಶಾಲು ಹೊದಿಸಿದ, ಗುರುಪ್ರಸಾದ ಬಗ್ಗಿ ಕೈಮುಗಿದ. ಊರ್ಮಿಳಾ ಮೈಕು ಹಿಡಿದು, "ಇವರು ನಮ್ಮ ನೈಬರು ಕೊರ್ನೆಲಿಯಾ. ಡಚ್ ಬರುತ್ತೆ. ಬೋರ್ಡ್ ಮೇಲೆ ಬರೆಯಕ್ಕೆ ಹೆಲ್ಪ್ ಮಾಡ್ತಾರೆ," ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಿ ಬದಿಗೆ ಸರಿದಳು. ಕೊರ್ನೆಲಿಯಾ ಒಂದು ಕ್ಷಣ ಅವಳನ್ನೇ ನೋಡಿ, ಆಮೇಲೆ ಸೀಮೆಸುಣ್ಣ ಎತ್ತಿಕೊಂಡಳು.

ಮೊದಲ ಪದ ರಾತ್ರಿಯೂಟ. ಗುರುಪ್ರಸಾದ ಹುಮ್ಮಸ್ಸಿನಿಂದ ಎದ್ದು ಮೂರು ಗೆರೆ ಎಳೆದ. ಸಂಜೆಯ ಬಾಲ ಊಟದ ತಟ್ಟೆಗೆ ಬಿತ್ತು. ಬ್ರೌವರ್ ತಮಾಷೆಯೆಂದುಕೊಂಡು ನಕ್ಕ. ಎರಡನೆಯದು ನಗರದ ಆಡಳಿತ, ಸ್ಟಾಡ್ಸ್‌ಬೆಸ್ಟೂರ್. ಗುರುಪ್ರಸಾದ ನಡುವಿನ 'ಸ್' ಅಂಟನ್ನು ಕಿತ್ತು ಮುಂದಿನ ತುಂಡಿಗೆ ಹಚ್ಚಿದ. ಬ್ರೌವರ್ ನಗಲಿಲ್ಲ. ಕೂತಲ್ಲಿಂದಲೇ ಸೌಮ್ಯವಾಗಿ, "ಪದ ಹೋಗಲಿ ಬಿಡಿ. ಹೊಸ ಪದ ಬಂದಾಗ ನಿಮ್ಮ ಯಂತ್ರ ಕೀಲನ್ನು ಹೇಗೆ ಹುಡುಕುತ್ತದೆ? ಅಷ್ಟು ಹೇಳಿ ಸಾಕು. ರಿಪೋರ್ಟು ನಿಮ್ಮದೇ ತಾನೇ?" ಎಂದು ಕೇಳಿದ.

ಗುರುಪ್ರಸಾದ ಬಾಯಿ ತೆರೆದ. ಡೇಟಾಬೇಸು ಅಂದ, ಲಾಜಿಕ್ಕು ಅಂದ, ಮತ್ತೆ ಡೇಟಾಬೇಸು ಅಂದ. ಹಣೆಯಲ್ಲಿ ಬೆವರೊಡೆಯಿತು. ವೈಸ್ ಪ್ರೆಸಿಡೆಂಟು ಕಾಲ ಮೇಲಿನ ಕಾಲು ಇಳಿಸಿ ಮುಂದಕ್ಕೆ ಬಾಗಿ ಕೂತ. ಆಗ ಗುರುಪ್ರಸಾದ ಬೋರ್ಡಿನ ಕಡೆ ತಿರುಗಿದವನ ಹಾಗೆ ಮಾಡಿ ಊರ್ಮಿಳಾಳ ಹತ್ತಿರ ಬಂದ.

"ಅಕ್ಕಾ, ಹೇಳಿ," ಎಂದು ಪಿಸುಗುಟ್ಟಿದ. ಮೂರು ವರ್ಷದಲ್ಲಿ ಅವಳನ್ನು ಅಕ್ಕಾ ಅಂದದ್ದು ಅದೇ ಮೊದಲು. "ನೀವೇ ಹೇಳ್ಬಿಡಿ. ನಿಮ್ದೇ ಅಂತ ಇಲ್ಲೇ ಅನೌನ್ಸ್ ಮಾಡ್ತೀನಿ, ರಿಪೋರ್ಟಲ್ಲೂ ನಿಮ್ ಹೆಸರು ಹಾಕ್ತೀನಿ. ಪ್ಲೀಸ್ ಅಕ್ಕಾ."

ಬೇಕಾಗಿದ್ದದ್ದು ಅದೇ. ಕೈಚಾಚಿದರೆ ಹೆಸರು ಸಿಗುತ್ತಿತ್ತು, ಅದೂ ಅವನ ಬಾಯಿಂದಲೇ, ಅಷ್ಟೂ ಜನರ ಮುಂದೆ. ಆದರೆ ಮಾತಾಡಿದರೆ ಅವನೂ ಬದುಕಿಕೊಳ್ಳುತ್ತಿದ್ದ. ನಮ್ಮ ಟೀಮು, ನಾನೇ ಕಲಿಸಿದ್ದು ಎಂದು ನಾಳೆ ಇನ್ನೊಂದು ಕಥೆ ಕಟ್ಟುತ್ತಿದ್ದ. ಊರ್ಮಿಳಾ ತಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಅವನ ಮುಖವನ್ನೇ ನೋಡುತ್ತ, ತುಟಿ ಪಿಟಕ್ಕೆನ್ನದೆ ನಿಂತಳು. ಅವನ ಮುಖದ ನೀರಿಳಿಯುವುದನ್ನು ಪೂರ್ತಿ ನೋಡಿದಳು. ಆ ಸುಖವನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ. ಒಬ್ಬಟ್ಟಿಗಿಂತ ರುಚಿಯಾಗಿತ್ತು ಎಂದು ಗಂಡನಿಗೆ ಹೇಳಿದಳು.

ಶ್ರೀಕಂಠ ಓಡಿ ಬಂದು, ಊಟಕ್ಕೆ ಹೊತ್ತಾಯಿತೆಂದು ಸಾರಿ ಸಭೆ ಮುಗಿಸಿದರು. ಗುರುಪ್ರಸಾದ ಶಾಲನ್ನು ಕಂಕುಳಲ್ಲಿ ಮುದುರಿಕೊಂಡು ಹಿಂದಿನ ಬಾಗಿಲಿನಿಂದ ಹೋದ. ವಾಪಸು ಬರುವಾಗ ಕಾರಿನಲ್ಲಿ ಊರ್ಮಿಳಾ ದಾರಿಯುದ್ದಕ್ಕೂ ಒಬ್ಬಳೇ ಮಾತಾಡಿದಳು. ಅವನು ಹೇಗೆ ತೊದಲಿದ, ಹೇಗೆ ಬೆವರಿದ ಎಂದು ಎರಡೆರಡು ಸಲ ಹೇಳಿದಳು. ಕೊರ್ನೆಲಿಯಾ ಮುತ್ತಿನ ಸರ ಬಿಚ್ಚಿ ಕೈಚೀಲದಲ್ಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ವಯಸ್ಸಾದವಳು, ದಣಿದಿದ್ದಾಳೆ ಎಂದುಕೊಂಡಳು ಊರ್ಮಿಳಾ.

ಸೋಮವಾರ ವೈಸ್ ಪ್ರೆಸಿಡೆಂಟು ಅವಳನ್ನು ಕರೆಸಿದ. ಬ್ರೌವರ್ ಇನ್ನೂ ಊರಿಗೆ ಹೋಗಿರಲಿಲ್ಲ, ಈ ಕೆಲಸ ನಿಜವಾಗಿ ಮಾಡಿದವರ ಜೊತೆ ಮಾತ್ರ ಮಾತಾಡುತ್ತೇನೆ ಎಂದು ಹಟ ಹಿಡಿದಿದ್ದ. ಬೆಳಿಗ್ಗೆ ಗುರುಪ್ರಸಾದ ಒಪ್ಪಿಕೊಂಡಿದ್ದಾನೆ, ಅವನನ್ನು ತೆಗೆದಾಯಿತು ಎಂದು ವೈಸ್ ಪ್ರೆಸಿಡೆಂಟು ಹೇಳಿದಾಗ ಊರ್ಮಿಳಾಗೆ ಖುಷಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

"ನಿಮ್ಮ ಜೊತೆ ಬೇರೆ ಯಾರಾದರೂ ಇದ್ದರೇ?" ಎಂದು ಕೇಳಿದ ವೈಸ್ ಪ್ರೆಸಿಡೆಂಟು.

ಇನ್ನೊಂದು ಸಲ ಯಾರಿಗೂ ಪಾಲು ಕೊಡುವ ಮನಸ್ಸು ಅವಳಿಗಿರಲಿಲ್ಲ. "ಯಾರೂ ಇಲ್ಲ," ಎಂದಳು. "ನಾನೊಬ್ಬಳೇ."

ಅವನು ಅದನ್ನು ಬರೆದುಕೊಂಡ. ಪತ್ರಿಕೆಯವರು ಸೇರಿಸಲು ಕೇಳಿರುವ ಇನ್ನೂ ಮೂರು ಸಾವಿರ ಕಾರ್ಡು ಉಳಿದಿವೆಯಲ್ಲ, ಜೂನ್ ಕೊನೆಯೊಳಗೆ ಮುಗಿಸಿದರೆ ಒಪ್ಪಂದಕ್ಕೆ ಸಹಿ ಬೀಳುತ್ತದೆ, ಪ್ರೋಗ್ರಾಮಿನ ಕೈಪಿಡಿಯ ಮೊದಲ ಪುಟದಲ್ಲಿ ಊರ್ಮಿಳಾ ವಾಸುದೇವ ಎಂದೇ ಅಚ್ಚಾಗುತ್ತದೆ, ಬೇರೆ ಹೆಸರಿರುವುದಿಲ್ಲ ಎಂದ. ಮುಗಿಯದಿದ್ದರೆ ಡಚ್ ಕೆಲಸವನ್ನೇ ಕೈಬಿಡುವುದು ಎಂದೂ ಹೇಳಿದ.

ಅಂದು ಸಂಜೆ ಐದಕ್ಕೆ ಊರ್ಮಿಳಾ ಕಾರ್ಡಿನ ಡಬ್ಬ ಹಿಡಿದು ಮೆಟ್ಟಿಲು ಇಳಿದಳು. ಕೊರ್ನೆಲಿಯಾ ಬಾಗಿಲು ತೆಗೆದು ಒಳಗೆ ಕರೆದಳು. ಟೀ ಕೊಟ್ಟಳು. ಊರ್ಮಿಳಾ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, ಗುರುಪ್ರಸಾದನ ಗತಿ, ಕೈಪಿಡಿಯ ಮೊದಲ ಪುಟ, ಜೂನ್ ಗಡುವು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಕೆಂಪು ಪೆನ್ಸಿಲು ತೆಗೆದುಕೊಂಡು ಕಾದಳು. ಚಮಚ ಸಾಸರಿನ ಪಕ್ಕದಲ್ಲೇ ಇತ್ತು. ಮುದುಕಿ ಅದನ್ನು ಮುಟ್ಟಲಿಲ್ಲ.

"ಜೊತೆಗೆ ಯಾರಿದ್ದರು ಅಂತ ನಿನ್ನ ಸಾಹೇಬರು ಕೇಳಿದರಾ?" ಎಂದಳು.

"ಕೇಳಿದರು."

"ನೀನು ಏನಂದೆ?"

ಊರ್ಮಿಳಾಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಗುರುಪ್ರಸಾದ ಮೈಕಿನಲ್ಲಿ 'ನಮ್ ಟೈಪಿಸ್ಟು' ಅಂದದ್ದು ನೆನಪಾಯಿತು. "ನಾನೊಬ್ಬಳೇ ಅಂದೆ," ಎಂದಳು. ಆಮೇಲೆ, "ನಾಳೆ ಹೋಗಿ ಹೇಳ್ತೀನಿ, ನಿಮ್ಮ ಹೆಸರೂ ಹಾಕಿಸ್ತೀನಿ, ಮೊದಲ ಪುಟದಲ್ಲೇ," ಎಂದು ಸೇರಿಸಿದಳು. ಹೇಳುತ್ತಿದ್ದ ಹಾಗೇ, ಈ ಮಾತನ್ನು ಯಾರ ಬಾಯಿಂದ ಕೇಳಿದ್ದೆನೆಂದು ಅವಳಿಗೆ ಗೊತ್ತಾಯಿತು.

ಕೊರ್ನೆಲಿಯಾ ಹರಡಿದ್ದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ, ಅಂಚು ಸರಿಮಾಡಿ, ಡಬ್ಬದಲ್ಲಿಟ್ಟು ಮುಚ್ಚಳ ಹಾಕಿದಳು. ಡಬ್ಬವನ್ನು ಊರ್ಮಿಳಾಳ ಕೈಗೆ ಕೊಟ್ಟು, ಹೋಗಿ ಬಾಗಿಲು ತೆರೆದು ಹಿಡಿದಳು.

"ಹಾಗಾದರೆ ಉಳಿದದ್ದನ್ನೂ ನೀನೊಬ್ಬಳೇ ಮಾಡು," ಎಂದಳು.